ಹಸಿ ಸೊಪ್ಪು, ಹಣ್ಣುಗಳ ಮೇಲಿನ ಬ್ಯಾಕ್ಟೀರಿಯಾ ತಗ್ಗಿಸಲು ಬೆಳಕು ಮತ್ತು ವಿಕಿರಣ: ಬೆಂಗಳೂರಿನ ಸಣ್ಣ ಪ್ಯಾಕ್‌ಹೌಸ್‌ಗಳಿಗೊಂದು ಕೈಪಿಡಿ

ಕೆ.ಆರ್. ಮಾರುಕಟ್ಟೆಯಿಂದ ಬೆಳಗಿನ ಜಾವ ತಂದ ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನು ಬಿಳಿ ತಟ್ಟೆಯ ಮೇಲೆ ಬಿಚ್ಚಿ ನೋಡಿದರೆ ಬೆಳಕಿನ ಸಂಸ್ಕರಣೆಯ ಅರ್ಧ ಪಾಠ ಅಲ್ಲಿಯೇ ಸಿಗುತ್ತದೆ. ಹೊರಗಿನ ಎಲೆಗಳು ನೀರು ಚಿಮುಕಿಸಿದ್ದರಿಂದ ಮಿನುಗುತ್ತಿರುತ್ತವೆ. ಆದರೆ ದಾರ ಬಿಗಿದ ಜಾಗದಲ್ಲಿ ದಂಟುಗಳು ಒಂದಕ್ಕೊಂದು ಅಂಟಿಕೊಂಡು, ಅವುಗಳ ನಡುವೆ ಕೆಂಪು ಮಣ್ಣು ಒದ್ದೆಯಾಗಿಯೇ ಕೂತಿರುತ್ತದೆ, ಬೇರಿನ ಬಳಿ ಕೊಳೆತ ಎಲೆಯೊಂದು ಲೋಳೆಯಾಗಿ ಹರಡಿರುತ್ತದೆ. ಬೆಳಕು ಎಷ್ಟೇ ಪ್ರಖರವಾಗಿದ್ದರೂ ಆ ದಾರದ ಒಳಗೆ ಹೋಗುವುದಿಲ್ಲ. ವಿಕಿರಣಶೀಲ ವಸ್ತು ಸೂಸುವ ಗಾಮಾ ಕಿರಣ ಹೋಗುತ್ತದೆ, ಆದರೆ ಅದು ಕೊಳೆತ ಎಲೆಯನ್ನು ಮತ್ತೆ ಹಸಿರು ಮಾಡುವುದಿಲ್ಲ. ಈ ಎರಡು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸಕ್ಕೆ ಇಳಿದವರಿಗೆ ಈ ವಿಧಾನಗಳು ನಿಜಕ್ಕೂ ನೆರವಾಗುತ್ತವೆ. ದೀಪವೊಂದನ್ನು ಕೊಂಡು ತಂದರೆ ಸಾಕೆಂದು ನಂಬಿದವರಿಗೆ ಹಣವೂ ಹೋಗುತ್ತದೆ, ಗ್ರಾಹಕರ ಆರೋಗ್ಯಕ್ಕಿರುವ ಅಪಾಯವೂ ಹಾಗೆಯೇ ಉಳಿಯುತ್ತದೆ.

ಹೊಸಕೋಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಆನೇಕಲ್ ಕಡೆಗಳಿಂದ ತರಕಾರಿ ತರಿಸಿ, ತೊಳೆದು, ಪ್ಯಾಕ್ ಮಾಡಿ ನಗರದ ಮನೆಗಳಿಗೂ ಹೋಟೆಲುಗಳಿಗೂ ಕಳುಹಿಸುವ ರೈತ ಉತ್ಪಾದಕ ಸಂಸ್ಥೆಗಳು ಮತ್ತು ಸಣ್ಣ ಪ್ಯಾಕ್‌ಹೌಸ್‌ಗಳನ್ನು ಗಮನದಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಮನೆಯಲ್ಲಿ ಬಳಸುವವರಿಗೆ ಬೇಕಾದ ಮಾತು ಚಿಕ್ಕದು, ಅದನ್ನು ಮುಂದೆ ಹೇಳುತ್ತೇನೆ.

ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಸಾಲ್ಮೊನೆಲ್ಲಾ, ರೋಗಕಾರಕ ಇ. ಕೋಲಿ, ಲಿಸ್ಟೀರಿಯಾ ಮುಂತಾದ ಬ್ಯಾಕ್ಟೀರಿಯಾಗಳು ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ಆದ್ದರಿಂದ ಹುಳಿಗೆ ಹೋಗುವ ದಂಟಿನ ಸೊಪ್ಪಿಗೆ, ಪಲ್ಯಕ್ಕೆ ಹೋಗುವ ಬದನೆಕಾಯಿಗೆ ದೀಪ ಹಿಡಿಯುವುದು ವಿದ್ಯುತ್ತಿನ ವ್ಯಯ ಮಾತ್ರ. ನಮ್ಮ ಊರಿನಲ್ಲಿ ಹಸಿಯಾಗಿ ತಿನ್ನುವ ಪದಾರ್ಥಗಳ ಪಟ್ಟಿಯನ್ನು ಮೊದಲು ಬರೆದುಕೊಳ್ಳಬೇಕು: ಕೋಸಂಬರಿಗೆ ಬೀಳುವ ಸೌತೆಕಾಯಿ ಮತ್ತು ಕೊತ್ತಂಬರಿ, ಪಾನಿಪೂರಿಯ ನೀರಿಗೆ ಅರೆಯುವ ಪುದೀನ, ಚುರುಮುರಿಗೆ ಹೆಚ್ಚುವ ಟೊಮೆಟೊ ಮತ್ತು ಈರುಳ್ಳಿ, ಸಲಾಡಿನ ಲೆಟ್ಯೂಸ್, ಸಿಪ್ಪೆ ಸಹಿತ ತಿನ್ನುವ ದ್ರಾಕ್ಷಿ ಮತ್ತು ಸೀಬೆ, ಹೆಚ್ಚಿಟ್ಟು ಮಾರುವ ಕಲ್ಲಂಗಡಿ. ಹಣ ಹಾಕುವುದಾದರೆ ಇವುಗಳ ಮೇಲೆ ಹಾಕಬೇಕು.

ಮೊಳಕೆ ಕಾಳುಗಳದು ಬೇರೆಯೇ ಕತೆ. 2011ರಲ್ಲಿ ಜರ್ಮನಿಯಲ್ಲಿ ಐವತ್ತಕ್ಕೂ ಹೆಚ್ಚು ಜನರ ಸಾವಿಗೆ ಕಾರಣವಾದ ಇ. ಕೋಲಿ ಸೋಂಕಿನ ಮೂಲವನ್ನು ಹುಡುಕುತ್ತಾ ಹೋದವರು ತಲುಪಿದ್ದು ಮೆಂತ್ಯದ ಮೊಳಕೆಗೆ, ಅದರ ಹಿಂದೆ ಆಮದಾದ ಮೆಂತ್ಯದ ಬೀಜಕ್ಕೆ. ಮೊಳಕೆ ಬರಿಸುವ ಬೆಚ್ಚಗಿನ ತೇವದಲ್ಲಿ ಬೀಜದ ಬಿರುಕಿನಲ್ಲಿ ಅಡಗಿದ ಕೆಲವೇ ಬ್ಯಾಕ್ಟೀರಿಯಾಗಳು ರಾತ್ರಿ ಕಳೆಯುವುದರೊಳಗೆ ಲಕ್ಷಾಂತರವಾಗುತ್ತವೆ. ಮೊಳಕೆ ಬಂದ ಮೇಲೆ ಮೇಲಿನಿಂದ ಬೆಳಕು ಹರಿಸಿದರೆ ಒಳಗಿನವು ಉಳಿದೇ ಉಳಿಯುತ್ತವೆ. ಅಮೆರಿಕದಲ್ಲಿ ಮೊಳಕೆಗೆ ಬಳಸುವ ಬೀಜಗಳಿಗೆ 8 ಕಿಲೋಗ್ರೇವರೆಗೆ (ಇದು ಆಹಾರ ಹೀರುವ ವಿಕಿರಣದ ಅಳತೆ, ಮುಂದೆ ವಿವರಿಸಿದ್ದೇನೆ) ವಿಕಿರಣ ಕೊಡಲು ಅನುಮತಿಯಿರುವುದು ಈ ಕಾರಣಕ್ಕಾಗಿಯೇ. ನಾವು ಮಾಡಬಹುದಾದದ್ದು ಸರಳವಾಗಿದೆ: ಮೊಳಕೆ ಹೆಸರುಕಾಳನ್ನು ಹಬೆಯಲ್ಲಿ ಬೇಯಿಸಿ ತಿನ್ನುವಂತೆ ಪೊಟ್ಟಣದ ಮೇಲೆ ಬರೆಯುವುದು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ವೃಷಭಾವತಿ ಕಣಿವೆಯ ಉದ್ದಕ್ಕೂ, ಬೈರಮಂಗಲ ಕೆರೆಯವರೆಗೆ, ನಗರದ ಕೊಳಚೆ ಸೇರಿದ ನೀರಿನಲ್ಲಿಯೇ ಬೇಸಾಯ ನಡೆಯುತ್ತಾ ಬಂದಿರುವುದು ಎಲ್ಲರಿಗೂ ತಿಳಿದ ವಿಷಯ. ಅಂತಹ ನೀರು ಕುಡಿದ ಸೊಪ್ಪಿನಲ್ಲಿ ಬ್ಯಾಕ್ಟೀರಿಯಾ ಮಾತ್ರವಲ್ಲ, ಭಾರ ಲೋಹಗಳೂ ಇರಬಹುದು. ಬೆಳಕಾಗಲಿ ವಿಕಿರಣವಾಗಲಿ ಸೀಸ, ಕ್ಯಾಡ್ಮಿಯಂಗಳನ್ನು ತೆಗೆಯಲಾರದು. ಆದ್ದರಿಂದ ತೋಟದ ನೀರು ಎಲ್ಲಿಯದು ಎಂದು ರೈತರನ್ನು ಕೇಳಿ ಬರೆದಿಟ್ಟುಕೊಳ್ಳುವುದು ಈ ಕೈಪಿಡಿಯ ಮೊದಲ ಹೆಜ್ಜೆ. ದೀಪ ಬರುವುದು ಆಮೇಲೆ.

ಬೆಳಕು ಕೊಲ್ಲುವ ಬಗೆ

ಸೂರ್ಯನ ಬೆಳಕಿಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣವಿದೆಯೆಂದು ಡೌನ್ಸ್ ಮತ್ತು ಬ್ಲಂಟ್ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು 1877ರಲ್ಲಿಯೇ ತೋರಿಸಿಕೊಟ್ಟಿದ್ದರು. ಆ ಗುಣ ಅತ್ಯಂತ ತೀಕ್ಷ್ಣವಾಗಿರುವುದು 200ರಿಂದ 280 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಬೆಳಕಿನಲ್ಲಿ. ಇದನ್ನು ಯುವಿ-ಸಿ ಎನ್ನುತ್ತಾರೆ. ಬಿಸಿಲಿನ ಈ ಭಾಗವನ್ನು ವಾತಾವರಣ ತಡೆಯುವುದರಿಂದ ಅದು ನೆಲ ಮುಟ್ಟುವುದಿಲ್ಲ, ಕೃತಕವಾಗಿಯೇ ಹುಟ್ಟಿಸಿಕೊಳ್ಳಬೇಕು. ಪಾದರಸದ ಕಡಿಮೆ ಒತ್ತಡದ ಟ್ಯೂಬುಗಳು ಹೆಚ್ಚಾಗಿ 254 ನ್ಯಾನೋಮೀಟರ್ ಬೆಳಕನ್ನು ಸೂಸುತ್ತವೆ, ಮತ್ತು ಬ್ಯಾಕ್ಟೀರಿಯಾದ ಡಿಎನ್‌ಎ ಅತಿ ಹೆಚ್ಚು ಹೀರಿಕೊಳ್ಳುವ ತರಂಗಾಂತರ ಅದಕ್ಕೆ ತೀರಾ ಹತ್ತಿರದ್ದು. ಬೆಳಕನ್ನು ಹೀರಿದ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಥೈಮಿನ್ ಎಂಬ ಘಟಕಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಗಂಟು ಬಿದ್ದ ದಾರದಂತಾದ ಆ ಎಳೆಯನ್ನು ನಕಲು ಮಾಡಲಾಗದೆ ಬ್ಯಾಕ್ಟೀರಿಯಾ ತನ್ನ ಸಂತಾನವನ್ನು ಬೆಳೆಸಲಾರದೆ ಹೋಗುತ್ತದೆ.

ಆದರೆ ಗಂಟು ಬಿಡಿಸಿಕೊಳ್ಳುವ ಉಪಾಯವೂ ಹಲವು ಬ್ಯಾಕ್ಟೀರಿಯಾಗಳ ಬಳಿ ಇದೆ. ಫೋಟೋಲಯೇಸ್ ಎಂಬ ಕಿಣ್ವ ನೀಲಿ ಬೆಳಕಿನ ಬಲದಿಂದ ಆ ಬೆಸುಗೆಯನ್ನು ಬಿಡಿಸುತ್ತದೆ. ಹಾಗಾಗಿ ಯುವಿ-ಸಿ ಕೊಟ್ಟ ಸೊಪ್ಪನ್ನು ಕೂಡಲೇ ಕಿಟಕಿಯ ಬಿಸಿಲಿನಲ್ಲೋ ಟ್ಯೂಬ್‌ಲೈಟಿನ ಕೆಳಗೋ ಇಟ್ಟರೆ ಮಾಡಿದ ಕೆಲಸದ ಒಂದು ಪಾಲು ಕೈತಪ್ಪುತ್ತದೆ. ಪೆಟ್ಟಿಗೆಯಿಂದ ಹೊರಬಂದ ಕ್ರೇಟನ್ನು ಮುಚ್ಚಿ, ಕತ್ತಲಲ್ಲಿ, 4ರಿಂದ 5 ಡಿಗ್ರಿ ತಂಪಿನಲ್ಲಿ ಕೆಲವು ಗಂಟೆ ಇಡಬೇಕು. ಯಂತ್ರ ಮಾರುವವರು ಈ ಮಾತನ್ನು ಹೇಳಿದ್ದನ್ನು ನಾನು ಕೇಳಿಲ್ಲ; ಖರ್ಚಿಲ್ಲದ ಕೆಲಸವಾದ್ದರಿಂದ ತಪ್ಪದೇ ಮಾಡಬೇಕು.

ಯುವಿ-ಸಿ ಪೆಟ್ಟಿಗೆಯನ್ನು ಕಟ್ಟಿಸುವುದು ಮತ್ತು ನಡೆಸುವುದು

ಸಣ್ಣ ಪ್ಯಾಕ್‌ಹೌಸ್‌ಗೆ ಕೈಗೆಟುಕುವ ಸಾಧನ ಇದೊಂದೇ. ಒಳಗೆ ತಂತಿಜಾಲರಿಯ ತಟ್ಟೆ, ಅದರ ಮೇಲೆಯೂ ಕೆಳಗೆಯೂ ಟ್ಯೂಬುಗಳು, ನಾಲ್ಕೂ ಬದಿಗೆ ಪ್ರತಿಫಲಿಸುವ ತಗಡು, ಬಾಗಿಲು ತೆರೆದ ಕೂಡಲೇ ದೀಪ ಆರುವ ಸ್ವಿಚ್: ಇಷ್ಟಿದ್ದರೆ ಪೆಟ್ಟಿಗೆಯಾಯಿತು. ಒಳಗಿನ ತಗಡು ಹೊಳಪಿನ ಅಲ್ಯೂಮಿನಿಯಂ ಆಗಿರಲಿ. ಸ್ಟೇನ್‌ಲೆಸ್ ಸ್ಟೀಲ್ ಕಣ್ಣಿಗೆ ಕನ್ನಡಿಯಂತೆ ಕಂಡರೂ ಯುವಿ-ಸಿಯ ಬಹುಪಾಲನ್ನು ಹೀರಿಕೊಂಡುಬಿಡುತ್ತದೆ. ಅಲ್ಯೂಮಿನಿಯಂ ಬಹುಪಾಲನ್ನು ಹಿಂದಿರುಗಿಸುತ್ತದೆ. ಸೊಳ್ಳೆ, ನೊಣಗಳನ್ನು ಸೆಳೆಯುವ ನೀಲಿ ಟ್ಯೂಬುಗಳು ಇನ್ನೂ ಉದ್ದ ತರಂಗಾಂತರದ ಯುವಿ-ಎ ಬೆಳಕಿನವು, ಈ ಕೆಲಸಕ್ಕೆ ಬಾರವು. ಎಸ್.ಪಿ. ರಸ್ತೆಯಲ್ಲಿ ಟ್ಯೂಬ್ ಕೊಳ್ಳುವವರು ಅದರ ಮೇಲೆ 254 ನ್ಯಾನೋಮೀಟರ್ ಎಂದು ಅಚ್ಚಾಗಿದೆಯೇ ಎಂದು ನೋಡಿಯೇ ಹಣ ಕೊಡಬೇಕು.

ನನ್ನದೇ ಒಂದು ಅನುಭವವನ್ನು ಹೇಳುತ್ತೇನೆ. ನಾವು ಮೊದಲು ಕೊಂಡ ಪೆಟ್ಟಿಗೆಯಲ್ಲಿ ಟ್ಯೂಬ್ ಒಡೆದರೆ ಚೂರು ಸೊಪ್ಪಿಗೆ ಬೀಳಬಾರದೆಂಬ ಸದುದ್ದೇಶದಿಂದ ತಯಾರಕರು ಅದರ ಕೆಳಗೆ ಪಾರದರ್ಶಕ ಅಕ್ರಿಲಿಕ್ ಹಾಳೆಯನ್ನು ಕೂಡಿಸಿದ್ದರು. ನೀಲಿ ಬೆಳಕು ಚೆನ್ನಾಗಿ ಕಾಣುತ್ತಿತ್ತು, ನಮಗೂ ಸಮಾಧಾನವಾಗಿತ್ತು. ಮೂರು ವಾರ ಪುದೀನವನ್ನೂ ಟೊಮೆಟೊವನ್ನೂ ಅದರಲ್ಲಿ ಇಟ್ಟು ತೆಗೆದೆವು. ಪ್ರಯೋಗಾಲಯದ ವರದಿಯಲ್ಲಿ ಸಂಸ್ಕರಿಸಿದ ಮಾದರಿಗೂ ಸಂಸ್ಕರಿಸದ ಮಾದರಿಗೂ ಏನೇನೂ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಮೀಟರ್ ತಂದು ಹಾಳೆಯ ಕೆಳಗೆ ಹಿಡಿದಾಗ ಮುಳ್ಳು ಸೊನ್ನೆಯಿಂದ ಮೇಲೇಳಲಿಲ್ಲ; ಹಾಳೆ ತೆಗೆದು ಹಿಡಿದಾಗ ಸರಕ್ಕನೆ ಏರಿತು. ಅಕ್ರಿಲಿಕ್, ಪಾಲಿಕಾರ್ಬೊನೇಟ್, ಕಿಟಕಿಯ ಗಾಜು ಈ ಮೂರೂ ಯುವಿ-ಸಿಯನ್ನು ತಡೆಯುತ್ತವೆ. ಕ್ವಾರ್ಟ್ಸ್ ಗಾಜು ಬಿಡುತ್ತದೆ. ಒಡೆಯುವ ಭಯಕ್ಕೆ ಕ್ವಾರ್ಟ್ಸ್ ಕವಚವನ್ನಾಗಲಿ, ಇದೇ ಕೆಲಸಕ್ಕೆಂದು ತಯಾರಾದ ಪೊರೆ ಹೊದಿಸಿದ ಟ್ಯೂಬನ್ನಾಗಲಿ ಬಳಸಬೇಕು. ಆ ಮೂರು ವಾರಗಳಲ್ಲಿ ನಮ್ಮ ಸೊಪ್ಪನ್ನು ಶುದ್ಧವೆಂದು ನಂಬಿ ತಿಂದವರ ನೆನಪು ನನಗೆ ಈಗಲೂ ಚುಚ್ಚುತ್ತದೆ, ಅದಕ್ಕಾಗಿಯೇ ಮೀಟರಿಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಮೀಟರ್ ತೋರಿಸುವುದು ಒಂದು ಚದರ ಸೆಂಟಿಮೀಟರ್ ಮೇಲೆ ಬೀಳುವ ಮಿಲಿವ್ಯಾಟ್ ಲೆಕ್ಕದ ಬಲವನ್ನು. ನಮಗೆ ಬೇಕಾದದ್ದು ಡೋಸ್, ಅಂದರೆ ಬಲವನ್ನು ಸಮಯದಿಂದ ಗುಣಿಸಿ ಬಂದ ಮೊತ್ತ. ಉದಾಹರಣೆಗೆ ತಟ್ಟೆಯ ಮೇಲೆ ಮೀಟರ್ 1.2 ಮಿಲಿವ್ಯಾಟ್ ತೋರಿಸಿತೆಂದುಕೊಳ್ಳೋಣ. ಅದು ಚದರ ಮೀಟರಿಗೆ 12 ವ್ಯಾಟ್. ಚದರ ಮೀಟರಿಗೆ 2 ಕಿಲೋಜೌಲ್, ಅಂದರೆ 2000 ಜೌಲ್ ಡೋಸ್ ಬೇಕಾದರೆ 2000ವನ್ನು 12ರಿಂದ ಭಾಗಿಸಬೇಕು. ಸುಮಾರು 167 ಸೆಕೆಂಡು, ಎಂದರೆ ಮೂರು ನಿಮಿಷಕ್ಕೆ ತುಸು ಕಡಿಮೆ. ಪೆಟ್ಟಿಗೆಯ ಬದಲು ಸಾಗುವ ಬೆಲ್ಟ್ ಇದ್ದು, ದೀಪದ ಕೆಳಗಿನ ದಾರಿ ಎರಡು ಮೀಟರ್ ಇದ್ದರೆ, ಬೆಲ್ಟ್ ನಿಮಿಷಕ್ಕೆ 72 ಸೆಂಟಿಮೀಟರ್ ವೇಗದಲ್ಲಿ ಸಾಗಬೇಕು. ಮೀಟರನ್ನು ತಟ್ಟೆಯ ನಡುವಿನಲ್ಲಿ ಮಾತ್ರ ಹಿಡಿಯದೆ ನಾಲ್ಕು ಮೂಲೆಗಳಲ್ಲಿಯೂ ಹಿಡಿದು, ಎಲ್ಲಕ್ಕಿಂತ ಕಡಿಮೆ ಬಂದ ಅಂಕಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೂಲೆಯಲ್ಲಿ ಕೂತ ಟೊಮೆಟೊವನ್ನು ತಿನ್ನುವವರೂ ನಮ್ಮ ಗ್ರಾಹಕರೇ.

ಯಾವುದಕ್ಕೆ ಎಷ್ಟು ಡೋಸ್ ಎಂಬುದನ್ನು ತಳಿ, ಬಲಿತ ಹಂತ, ಋತು ಎಲ್ಲವೂ ಸೇರಿ ನಿರ್ಧರಿಸುತ್ತವೆ. ಎಲೆಗಳಿಗೆ ಪ್ರತಿ ಬದಿಗೂ ಚದರ ಮೀಟರಿಗೆ 1ರಿಂದ 3 ಕಿಲೋಜೌಲ್, ಟೊಮೆಟೊದಂತಹ ನುಣುಪು ಸಿಪ್ಪೆಯ ಹಣ್ಣಿಗೆ 3ರಿಂದ 4 ಕಿಲೋಜೌಲ್ ಎಂದಿಟ್ಟುಕೊಂಡು ಆರಂಭಿಸಿ, ನಿಮ್ಮದೇ ಸರಕಿನಲ್ಲಿ ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಿ ಏರಿಸುವುದೋ ಇಳಿಸುವುದೋ ಮಾಡಬೇಕು. ಹೆಚ್ಚಾದರೆ ಸೊಪ್ಪು ಮಾತನಾಡುತ್ತದೆ: ಮಾರನೆಯ ದಿನ ಎಲೆಯ ಅಂಚು ಕಂದಾಗುತ್ತದೆ, ಪುದೀನದ ಮೇಲೆ ಸುಟ್ಟಂತಹ ಚುಕ್ಕೆಗಳು ಏಳುತ್ತವೆ, ಟೊಮೆಟೊದ ಸಿಪ್ಪೆ ಮಂಕಾಗುತ್ತದೆ.

ಈಗ ಜೋಡಿಸುವ ವಿಷಯ, ಇಡೀ ಕೆಲಸದಲ್ಲಿ ಅತಿ ಹೆಚ್ಚು ಗಮನ ಬೇಡುವುದು ಇದೇ. ಯುವಿ-ಸಿ ಮೇಲ್ಮೈಯಲ್ಲಿ ನಿಲ್ಲುತ್ತದೆ, ನೆರಳಿಗೆ ಹೋಗುವುದಿಲ್ಲ. ಬ್ಯಾಕ್ಟೀರಿಯಾದ ಗಾತ್ರ ಒಂದೆರಡು ಮೈಕ್ರೋಮೀಟರ್ ಮಾತ್ರವಾದ್ದರಿಂದ ನಮ್ಮ ಕಣ್ಣಿಗೆ ನುಣುಪಾಗಿ ಕಾಣುವ ಎಲೆಯ ಒಂದು ಸಣ್ಣ ಮಡಿಕೆಯೂ ಅದಕ್ಕೆ ಗುಹೆಯೇ ಸರಿ. ಸೊಪ್ಪಿನ ಕಟ್ಟನ್ನು ಬಿಚ್ಚಬೇಕು, ಬೇರು ಕತ್ತರಿಸಬೇಕು, ಕೊಳೆತದ್ದನ್ನು ಆರಿಸಿ ತೆಗೆಯಬೇಕು, ತೊಳೆದು ನೀರು ಬಸಿಯಬೇಕು, ಆಮೇಲೆ ಒಂದೇ ಪದರದಲ್ಲಿ ಜಾಲರಿಯ ಮೇಲೆ ಹರಡಬೇಕು. ಅರ್ಧ ಸಮಯವಾದ ಮೇಲೆ ತಿರುವಿ ಹಾಕಬೇಕು. ಟೊಮೆಟೊದಲ್ಲಿ ತೊಟ್ಟು ಕಿತ್ತ ಗುಳಿಯೇ ಬ್ಯಾಕ್ಟೀರಿಯಾದ ನೆಚ್ಚಿನ ಜಾಗ. ಗುಳಿ ಮೇಲ್ಮುಖವಾಗಿರುವಂತೆ ಒಂದು ಸುತ್ತು, ಮಗುಚಿ ಇನ್ನೊಂದು ಸುತ್ತು ಕೊಡಬೇಕು. ಬೆಂಗಳೂರು ನೀಲಿ ದ್ರಾಕ್ಷಿಯಂತೆ ಕಾಯಿಗಳು ಒತ್ತೊತ್ತಾಗಿರುವ ಗೊಂಚಲುಗಳಿಗೆ ಯುವಿ-ಸಿ ಹೊರಗಿನ ಸಾಲಿಗೆ ಮಾತ್ರ ತಲುಪುತ್ತದೆಯಾದ್ದರಿಂದ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಬಲೆಯಂತಹ ಸಿಪ್ಪೆಯ ಕರಬೂಜದ ಮೇಲೂ ಫಲ ಕಡಿಮೆ.

ತೊಳೆಯದೆ ಬೆಳಕಿಗೆ ಇಡಬಾರದು. ಮಣ್ಣಿನ ತೆಳು ಲೇಪವೂ ಯುವಿ-ಸಿಯನ್ನು ತಡೆಯುತ್ತದೆ. ದೊಡ್ಡ ಪ್ರಮಾಣದಲ್ಲಿ ತೊಳೆಯುವವರು ಸಾಮಾನ್ಯವಾಗಿ 50ರಿಂದ 200 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು) ಕ್ಲೋರಿನ್ ನೀರನ್ನು, ಪಿಎಚ್ 6ರಿಂದ 7.5ರ ನಡುವೆ ಇಟ್ಟು ಬಳಸುತ್ತಾರೆ. ಮಣ್ಣು ಕದಡಿದಂತೆ ಕ್ಲೋರಿನ್ ಖರ್ಚಾಗಿ ಹೋಗುವುದರಿಂದ ಮೊದಲು ಬರಿ ನೀರಿನಲ್ಲಿ ಕೆಸರು ಕಳೆದು, ಆಮೇಲೆ ಕ್ಲೋರಿನ್ ನೀರಿಗೆ ಹಾಕಿ, ಕುಡಿಯುವ ನೀರಿನಲ್ಲಿ ಜಾಲಿಸಬೇಕು. ನೀರಿನಲ್ಲಿ ಮುಳುಗಿ ಹೊರಳುತ್ತಿರುವ ಹಣ್ಣಿನ ಮೇಲೆಯೇ ಯುವಿ-ಸಿ ಹರಿಸುವ ಪದ್ಧತಿಯೊಂದೂ ಇದೆ. ಹೊರಳುವಾಗ ನೆರಳು ಒಂದೇ ಕಡೆ ನಿಲ್ಲುವುದಿಲ್ಲ, ನೀರಿಗೆ ಬಿದ್ದ ಬ್ಯಾಕ್ಟೀರಿಯಾ ಇನ್ನೊಂದು ಹಣ್ಣಿಗೆ ಅಂಟುವ ಮೊದಲೇ ಬೆಳಕಿಗೆ ಸಿಗುತ್ತದೆ. ನೀರು ತಿಳಿಯಾಗಿರುವಷ್ಟು ಹೊತ್ತು ಮಾತ್ರ ಇದು ಫಲ ಕೊಡುತ್ತದೆ.

ಟ್ಯೂಬುಗಳ ಆರೈಕೆಯ ಬಗ್ಗೆ ಕೆಲವು ಮಾತು. ಹೊತ್ತಿಸಿದ ಕೂಡಲೇ ಪೂರ್ಣ ಬಲ ಬರುವುದಿಲ್ಲ, ಐದರಿಂದ ಹತ್ತು ನಿಮಿಷ ಕಾಯಬೇಕು. ಶೀತಲ ಕೋಣೆಯ ಒಳಗೆ ಟ್ಯೂಬ್ ಇಟ್ಟರೆ ಚಳಿಗೆ ಬಲ ಕುಗ್ಗುತ್ತದೆ, ಆದ್ದರಿಂದ ಪೆಟ್ಟಿಗೆ ಹೊರಗಿರಲಿ. ನೀಲಿ ಹೊಳಪು ಹಾಗೆಯೇ ಇದ್ದರೂ ಯುವಿ-ಸಿ ಬಲ ದಿನೇ ದಿನೇ ಇಳಿಯುತ್ತಿರುತ್ತದೆ. ಉರಿದ ಗಂಟೆಗಳನ್ನು ಬರೆದಿಟ್ಟು, ವಾರಕ್ಕೊಮ್ಮೆ ಮೀಟರ್ ಹಿಡಿದು, ಇಳಿದಷ್ಟೂ ಸಮಯವನ್ನು ಏರಿಸಿ, ತಯಾರಕರು ಹೇಳಿದ ಆಯುಸ್ಸು ಮುಗಿದೊಡನೆ ಬದಲಿಸಬೇಕು. ಬೆರಳಿನ ಜಿಡ್ಡು, ಧೂಳು ಕೂರದಂತೆ ದೀಪ ಆರಿ ತಣ್ಣಗಾದ ಮೇಲೆ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು.

ಕೆಲಸಗಾರರ ಕಣ್ಣು ಮತ್ತು ಚರ್ಮದ ವಿಷಯದಲ್ಲಿ ಸಣ್ಣ ಉದಾಸೀನವೂ ಸಲ್ಲದು. 254 ನ್ಯಾನೋಮೀಟರ್ ಬೆಳಕಿಗೆ ಎಂಟು ಗಂಟೆಯ ದಿನಕ್ಕೆ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಿತಿ ಚದರ ಮೀಟರಿಗೆ 60 ಜೌಲ್. ಮೇಲಿನ ಉದಾಹರಣೆಯ ಪೆಟ್ಟಿಗೆಯೊಳಗೆ ಕೈ ಇಟ್ಟರೆ ಆ ಮಿತಿ ಐದೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಆ ಹೊತ್ತಿಗೆ ಏನೂ ನೋಯುವುದಿಲ್ಲವೆಂಬುದೇ ಇದರ ಅಪಾಯ; ಕೆಲವು ಗಂಟೆಗಳ ನಂತರ, ಬಹುತೇಕ ರಾತ್ರಿ ಮಲಗಿದ ಮೇಲೆ, ಕಣ್ಣಿನಲ್ಲಿ ಮರಳು ಸುರಿದಂತೆ ಉರಿ ಏಳುತ್ತದೆ. ಬಾಗಿಲಿನ ಸ್ವಿಚ್ಚಿಗೆ ಟೇಪು ಸುತ್ತಿ, ಬಾಗಿಲು ತೆರೆದೇ ಕೆಲಸ ಮಾಡುವ ಅಭ್ಯಾಸವನ್ನು ಕಂಡಕೂಡಲೇ ನಿಲ್ಲಿಸಬೇಕು. ಓಝೋನ್ ಹುಟ್ಟಿಸುವ ಟ್ಯೂಬುಗಳನ್ನು ಕೊಳ್ಳಬಾರದು. ಟ್ಯೂಬ್ ಒಡೆದರೆ ಪಾದರಸ ಚೆಲ್ಲಿರುತ್ತದೆ: ಆ ತಟ್ಟೆಯ ಸರಕನ್ನೆಲ್ಲ ಬಿಸಾಡಿ, ಕಿಟಕಿ ತೆರೆದು, ಪೊರಕೆ ಬಳಸದೆ, ಕೈಗವಸು ತೊಟ್ಟು ಚೂರುಗಳನ್ನು ಒದ್ದೆ ಕಾಗದದಿಂದ ಒತ್ತಿ ಎತ್ತಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಬೇಕು.

ಮನೆಯವರಿಗೆ ಹೇಳಬೇಕಾದ ಮಾತು ಇಷ್ಟು: ಕೋವಿಡ್ ಕಾಲದಲ್ಲಿ ಮನೆ ಮನೆಗೆ ಬಂದ ಯುವಿ ಪೆಟ್ಟಿಗೆಗಳಲ್ಲಿ ಕಟ್ಟಿದ ಸೊಪ್ಪನ್ನು ಇಟ್ಟು ತೆಗೆಯುವುದರಿಂದ ಹೆಚ್ಚೇನೂ ಆಗದು. ಬಿಚ್ಚಿ, ಹರಿಯುವ ಕುಡಿಯುವ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಬಸಿದು, ಫ್ರಿಜ್ಜಿನಲ್ಲಿಡುವುದು ಅದಕ್ಕಿಂತ ಮೇಲು.

ಮಿಡಿತದ ಬೆಳಕು, ನೀಲಿ ಬೆಳಕು

ಝೆನಾನ್ ದೀಪದಿಂದ ಕ್ಯಾಮೆರಾ ಫ್ಲ್ಯಾಶಿನಂತೆ, ಆದರೆ ಅದಕ್ಕಿಂತ ಬಹಳ ಪ್ರಬಲವಾಗಿ, ಮಿಲಿಸೆಕೆಂಡಿಗೂ ಕಡಿಮೆ ಹೊತ್ತು ಬೆಳಕು ಮಿಡಿಸುವ ಪಲ್ಸ್ಡ್ ಲೈಟ್ ಯಂತ್ರಗಳು ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಸುತ್ತವೆ. ಅಮೆರಿಕದ ನಿಯಮ ಇದಕ್ಕೆ ಒಟ್ಟು ಡೋಸ್ ಚದರ ಸೆಂಟಿಮೀಟರಿಗೆ 12 ಜೌಲ್ ಮೀರಬಾರದೆಂದು ಮಿತಿ ಹಾಕಿದೆ. ನೆರಳಿನ ತೊಂದರೆ ಇದಕ್ಕೂ ಇದೆ, ಎಲೆ ಬಿಸಿಯಾಗುವ ತೊಂದರೆ ಜೊತೆಗಿದೆ, ಬೆಲೆ ಹೆಚ್ಚು. ಸಣ್ಣ ಪ್ಯಾಕ್‌ಹೌಸ್ ಇದರ ಗೊಡವೆಗೆ ಹೋಗಬೇಕಾಗಿಲ್ಲ. 405 ನ್ಯಾನೋಮೀಟರ್ ನೀಲಿ ಎಲ್‌ಇಡಿ ಬೆಳಕು ಬ್ಯಾಕ್ಟೀರಿಯಾದೊಳಗಿನ ಪೋರ್ಫಿರಿನ್ ಎಂಬ, ಬೆಳಕು ಹೀರುವ ಅಣುಗಳನ್ನು ಕೆರಳಿಸಿ ಆಮ್ಲಜನಕದ ಕ್ರಿಯಾಶೀಲ ರೂಪಗಳನ್ನು ಹುಟ್ಟಿಸಿ ಕೊಲ್ಲುತ್ತದೆ. ಯುವಿ-ಸಿಯಂತೆ ಕಣ್ಣು, ಚರ್ಮಗಳನ್ನು ಸುಡುವುದಿಲ್ಲವಾದರೂ ಗಂಟೆಗಟ್ಟಲೆ ಹರಿಸಬೇಕು. ಶೀತಲ ಕೋಣೆಯಲ್ಲಿ ರಾತ್ರಿಯಿಡೀ ಇರುವ ಸರಕಿಗೆ ಮುಂದೊಂದು ದಿನ ಇದು ಒಗ್ಗಬಹುದೆಂಬ ಆಸೆ ನನಗಿದೆ.

ಗಾಮಾ ಕೇಂದ್ರಕ್ಕೆ ಸರಕು ಕಳುಹಿಸುವ ಮುನ್ನ

ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹ ಸೂಸುವ ಗಾಮಾ ಕಿರಣಗಳು ರಟ್ಟಿನ ಪೆಟ್ಟಿಗೆಯನ್ನೂ, ಪ್ಲಾಸ್ಟಿಕ್ ಚೀಲವನ್ನೂ, ಎಲೆಯ ಮಡಿಕೆಯನ್ನೂ ದಾಟಿ ಒಳಗೆ ಹೋಗುತ್ತವೆ. ಎಲೆಯ ಪತ್ರರಂಧ್ರದೊಳಗೆ ಸೇರಿ ಕ್ಲೋರಿನ್ನಿಗೂ ಯುವಿ-ಸಿಗೂ ಸಿಗದೆ ಕೂತ ಬ್ಯಾಕ್ಟೀರಿಯಾವನ್ನು ಮುಟ್ಟಬಲ್ಲ ವಿಧಾನ ಇದೇ. ಪ್ಯಾಕ್ ಮಾಡಿ ಮುಚ್ಚಿದ ಮೇಲೆ ಸಂಸ್ಕರಿಸುವುದರಿಂದ ಆಮೇಲೆ ಕೈ ಸೋಕುವ ಪ್ರಶ್ನೆಯೂ ಇಲ್ಲ. ಪ್ರತಿ ಕಿಲೋಗ್ರಾಂ ಆಹಾರ ಒಂದು ಜೌಲ್ ಶಕ್ತಿ ಹೀರಿದರೆ ಅದು ಒಂದು ಗ್ರೇ. ಸಾವಿರ ಗ್ರೇಗೆ ಒಂದು ಕಿಲೋಗ್ರೇ. ಒಂದು ಕಿಲೋಗ್ರೇ ಕೊಟ್ಟಾಗ ನೀರು ಬಿಸಿಯಾಗುವುದು ಕಾಲು ಡಿಗ್ರಿಯಷ್ಟು ಮಾತ್ರ, ಆದ್ದರಿಂದ ಸೊಪ್ಪು ಹಸಿಯಾಗಿಯೇ ಉಳಿಯುತ್ತದೆ.

ಇದನ್ನು ಹೇಳಿದಾಗಲೆಲ್ಲ ಆಹಾರವೇ ವಿಕಿರಣಶೀಲವಾಗುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ, ಬರಬೇಕಾದ ಪ್ರಶ್ನೆಯೇ ಹೌದು. ಆಹಾರದ ಪರಮಾಣುಗಳನ್ನು ವಿಕಿರಣಶೀಲವಾಗಿಸುವಷ್ಟು ಶಕ್ತಿ ಕೋಬಾಲ್ಟ್‌ನ ಕಿರಣಕ್ಕಿಲ್ಲ. ಯಂತ್ರದಿಂದ ಹುಟ್ಟಿಸುವ ಎಲೆಕ್ಟ್ರಾನ್ ಕಿರಣಕ್ಕೆ 10, ಎಕ್ಸ್-ಕಿರಣಕ್ಕೆ 5 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್ ಎಂದು ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಮಿತಿ ಇಟ್ಟಿರುವುದೂ ಈ ಕಾರಣಕ್ಕೇ. ಸರಕು ಕಿರಣದ ಮುಂದೆ ಸಾಗುತ್ತದೆ, ಕೋಬಾಲ್ಟನ್ನು ಮುಟ್ಟುವುದಿಲ್ಲ. 10 ಕಿಲೋಗ್ರೇವರೆಗಿನ ಸಂಸ್ಕರಣೆ ಸುರಕ್ಷಿತವೆಂದು ವಿಶ್ವಸಂಸ್ಥೆಯ ಆಹಾರ, ಆರೋಗ್ಯ ಮತ್ತು ಪರಮಾಣು ಸಂಸ್ಥೆಗಳ ಜಂಟಿ ತಜ್ಞ ಸಮಿತಿ 1980ರಲ್ಲಿ ತೀರ್ಮಾನಿಸಿತು.

ಒಂದು ಜಾತಿಯ ಬ್ಯಾಕ್ಟೀರಿಯಾವನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಲು ಬೇಕಾದ ಡೋಸನ್ನು ಡಿ-10 ಎನ್ನುತ್ತಾರೆ. ಸೊಪ್ಪಿನ ಮೇಲಿನ ರೋಗಕಾರಕ ಇ. ಕೋಲಿಗೆ ಇದು ಸುಮಾರು 0.1ರಿಂದ 0.3 ಕಿಲೋಗ್ರೇ, ಸಾಲ್ಮೊನೆಲ್ಲಾಕ್ಕೆ ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಹೆಚ್ಚು. 0.25 ಎಂದು ಹಿಡಿದರೆ 1 ಕಿಲೋಗ್ರೇಯಲ್ಲಿ ನಾಲ್ಕು ಸಲ ಹತ್ತರಿಂದ ಭಾಗಿಸಿದಂತೆ, ಹತ್ತು ಸಾವಿರ ಇದ್ದದ್ದು ಒಂದಕ್ಕೆ ಇಳಿಯುತ್ತದೆ. ಯುವಿ-ಸಿ ಮತ್ತು ಕ್ಲೋರಿನ್ ತೊಳೆತ ಸಾಮಾನ್ಯವಾಗಿ ಕೊಡುವುದು ಒಂದರಿಂದ ಎರಡು ಸಲದ ಇಳಿಕೆ. ವೈರಸ್‌ಗಳು ಮಾತ್ರ ಇಷ್ಟು ಸಣ್ಣ ಡೋಸಿಗೆ ಬಗ್ಗುವುದಿಲ್ಲ. ಹೆಪಟೈಟಿಸ್-ಎ ಬಾರದಿರಲು ಕೆಲಸಗಾರರಿಗೆ ಶೌಚಾಲಯ, ಸೋಪು, ನೀರು ಒದಗಿಸುವುದೇ ದಾರಿ.

2006ರಲ್ಲಿ ಅಮೆರಿಕದಲ್ಲಿ ಪಾಲಕ್ ಸೊಪ್ಪಿನಿಂದ ಇ. ಕೋಲಿ ಸೋಂಕು ಹರಡಿ ಸಾವುಗಳಾದ ಎರಡು ವರ್ಷಗಳ ನಂತರ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪಾಲಕ್ ಮತ್ತು ಐಸ್‌ಬರ್ಗ್ ಲೆಟ್ಯೂಸಿಗೆ 4 ಕಿಲೋಗ್ರೇವರೆಗೆ ಅನುಮತಿ ನೀಡಿತು. ನಮ್ಮಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮಗಳಲ್ಲಿ ಹಸಿ ಹಣ್ಣು ತರಕಾರಿಗಳು ಒಂದು ವರ್ಗವಾಗಿದ್ದು, ಹಣ್ಣಾಗುವುದನ್ನು ತಡಮಾಡಲು ಮತ್ತು ಕೀಟ ನಿವಾರಣೆಗೆ 0.2ರಿಂದ 1, ಬಾಳಿಕೆ ಹೆಚ್ಚಿಸಲು 1ರಿಂದ 2.5 ಕಿಲೋಗ್ರೇ ಎಂದು ಉದ್ದೇಶವಾರು ನಿಗದಿಯಾಗಿದೆ. ಬೆಂಗಳೂರಿನಿಂದ ಹೋಗಿಬರುವಷ್ಟು ಹತ್ತಿರದ ಮಾಲೂರಿನಲ್ಲಿ, ಅಮೆರಿಕಕ್ಕೆ ಹೋಗುವ ಮಾವಿಗೆ ಗಾಮಾ ಸಂಸ್ಕರಣೆ ನಡೆದಿದೆ. ಆದರೆ ಮಾವಿಗೆ ಕೊಡುವ ಕನಿಷ್ಠ 400 ಗ್ರೇ ಕೀಟಗಳಿಗಾಗಿಯೇ ಹೊರತು ಬ್ಯಾಕ್ಟೀರಿಯಾಕ್ಕಾಗಿ ಅಲ್ಲ. ವಿಕಿರಣ ಕೊಟ್ಟ ಹಣ್ಣು ಎಂದ ಮಾತ್ರಕ್ಕೆ ತೊಳೆಯದೆ ತಿನ್ನಬಹುದೆಂದು ಯಾರೂ ತಿಳಿಯಬಾರದು.

ಎಲ್ಲ ತರಕಾರಿ, ಹಣ್ಣುಗಳೂ ವಿಕಿರಣವನ್ನು ತಾಳುವುದಿಲ್ಲ. ಮಾವು, ಪಪ್ಪಾಯಿ ತಾಳುತ್ತವೆ. ಬೆಣ್ಣೆಹಣ್ಣು, ಸೌತೆಕಾಯಿ, ದ್ರಾಕ್ಷಿ, ನಿಂಬೆ, ಸಪೋಟ ಬೇಗ ಮೆತ್ತಗಾಗುವುದೋ ಸಿಪ್ಪೆ ಕಪ್ಪಾಗುವುದೋ ಆಗುತ್ತದೆ. ಎಲೆ ಸೊಪ್ಪುಗಳು 1 ಕಿಲೋಗ್ರೇ ಸುತ್ತಮುತ್ತ ಒಪ್ಪಿಕೊಂಡು, ಅದರಾಚೆ ಬಾಡಿದಂತಾಗುತ್ತವೆ. ಆದ್ದರಿಂದ ಇಡೀ ಲಾರಿ ಕಳುಹಿಸುವ ಮೊದಲು ನಾಲ್ಕು ಪೆಟ್ಟಿಗೆಗಳನ್ನು ಕಳುಹಿಸಿ, ಒಂದು ವಾರ ತಂಪಿನಲ್ಲಿಟ್ಟು, ದಿನವೂ ಮುಟ್ಟಿ, ಮೂಸಿ, ತಿಂದು ನೋಡಬೇಕು.

ಕೇಂದ್ರದವರನ್ನು ಕೇಳಬೇಕಾದವು ಹಲವಿವೆ. ಪರವಾನಗಿ ಯಾವ ವರ್ಗದ ಆಹಾರಕ್ಕಿದೆ. ಪೆಟ್ಟಿಗೆಯ ಅಳತೆ ಎಷ್ಟಿರಬೇಕು. ನಮ್ಮ ಪೆಟ್ಟಿಗೆಯ ಅಂಚಿಗೆ ಮತ್ತು ನಡುವಿಗೆ ಬೀಳುವ ಗರಿಷ್ಠ ಕನಿಷ್ಠ ಡೋಸ್ ಎಷ್ಟು, ಅದನ್ನು ಯಾವ ಡೋಸಿಮೀಟರ್ ಇಟ್ಟು ಅಳೆಯುತ್ತಾರೆ. ಸರಕು ಎಷ್ಟು ಗಂಟೆ ಒಳಗಿರುತ್ತದೆ, ಆ ಹೊತ್ತಿನಲ್ಲಿ ತಂಪು ಉಂಟೇ. ಕೊನೆಯ ಪ್ರಶ್ನೆಗೆ ಸಮರ್ಪಕ ಉತ್ತರ ಸಿಗದಿದ್ದರೆ ಸೊಪ್ಪನ್ನು ಕಳುಹಿಸಬೇಡಿ. ಕೋಬಾಲ್ಟ್‌ನ ಬಲ 5.27 ವರ್ಷಕ್ಕೆ ಅರ್ಧವಾಗುತ್ತದೆ, ಅಂದರೆ ತಿಂಗಳಿಗೆ ಶೇಕಡ 1ರಷ್ಟು ಇಳಿಯುತ್ತದೆ. ಹಳೆಯ ಮೂಲವಿರುವ ಕಡೆ ಅದೇ ಡೋಸಿಗೆ ಹೆಚ್ಚು ಗಂಟೆ ಬೇಕಾಗಿ, ಏಪ್ರಿಲ್ ಬಿಸಿಲಿನಲ್ಲಿ ಸೊಪ್ಪು ಕಿರಣದಿಂದಲ್ಲ, ಕಾಯುವಿಕೆಯಿಂದಲೇ ಹಾಳಾಗುತ್ತದೆ. ಒಮ್ಮೆ ಸಂಸ್ಕರಿಸಿದ ಹಸಿ ಸರಕನ್ನು ಮತ್ತೊಮ್ಮೆ ಸಂಸ್ಕರಿಸುವಂತಿಲ್ಲ. ಪೊಟ್ಟಣದ ಮೇಲೆ ರಾಡುರಾ ಎಂಬ ಹಸಿರು ಚಿಹ್ನೆಯೂ ವಿಕಿರಣ ಸಂಸ್ಕರಣೆಯ ವಿವರವೂ ಇರಲೇಬೇಕು. ಯುವಿ-ಸಿ ಕೊಟ್ಟ ಸರಕಿಗೆ ಈ ಚಿಹ್ನೆ ಸಲ್ಲದು.

ಫಲ ಬಂದಿದೆಯೇ ಎಂದು ನೋಡುವ ಬಗೆ

ರೋಗಕಾರಕ ಬ್ಯಾಕ್ಟೀರಿಯಾವನ್ನು ಪರೀಕ್ಷೆಗೆಂದು ಪ್ಯಾಕ್‌ಹೌಸಿಗೆ ತರುವುದು ಎಂದಿಗೂ ಬೇಡ. ಒಂದೇ ತೋಟದ, ಒಂದೇ ದಿನದ ಸೊಪ್ಪನ್ನು ಮೂರು ಭಾಗ ಮಾಡಿ: ಒಂದನ್ನು ತಂದಂತೆಯೇ ಇಡಿ, ಇನ್ನೊಂದನ್ನು ತೊಳೆದು ದೀಪ ಹೊತ್ತಿಸದ ಪೆಟ್ಟಿಗೆಯಲ್ಲಿ ಅಷ್ಟೇ ಹೊತ್ತು ಇಡಿ, ಮೂರನೆಯದನ್ನು ತೊಳೆದು ದೀಪ ಹೊತ್ತಿಸಿದ ಪೆಟ್ಟಿಗೆಯಲ್ಲಿ ಇಡಿ. ಪ್ರತಿ ಭಾಗದಿಂದಲೂ ಐದು ಮಾದರಿಗಳನ್ನು, ತಟ್ಟೆಯ ಮೂಲೆಯಿಂದ ಒಂದಾದರೂ ಇರುವಂತೆ, ಶುದ್ಧ ಚೀಲದಲ್ಲಿ ತುಂಬಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಅದೇ ದಿನ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಮುಟ್ಟಿಸಿ. ಸಾಮಾನ್ಯವಾಗಿ 25 ಗ್ರಾಂ ಮಾದರಿಯನ್ನು 225 ಮಿಲಿಲೀಟರ್ ದ್ರಾವಣದಲ್ಲಿ ಕಲಸಿ ಎಣಿಸುತ್ತಾರೆ. ಒಟ್ಟು ಬ್ಯಾಕ್ಟೀರಿಯಾ ಮತ್ತು ಇ. ಕೋಲಿ ಎರಡರ ಎಣಿಕೆಯನ್ನೂ ಕೇಳಿ ಪಡೆಯಬೇಕು. ಎರಡನೆಯ ಮತ್ತು ಮೂರನೆಯ ಭಾಗದ ನಡುವೆ ವ್ಯತ್ಯಾಸವಿಲ್ಲದಿದ್ದರೆ ಕೆಲಸ ಮಾಡಿದ್ದು ನೀರು, ದೀಪವಲ್ಲ. ಆಗ ಮತ್ತೆ ಮೀಟರ್ ಹಿಡಿದು, ಅಡ್ಡ ಬಂದದ್ದು ಏನೆಂದು ತಟ್ಟೆಯಿಂದ ಟ್ಯೂಬಿನವರೆಗೆ ಹುಡುಕಬೇಕು.

ಈ ಪರೀಕ್ಷೆಯನ್ನು ಮುಂಗಾರಿನಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಮಾಡಿಸಬೇಕು, ಏಕೆಂದರೆ ಮಳೆಗಾಲದ ಸೊಪ್ಪಿಗೆ ಮಣ್ಣು ಸಿಡಿದು ಅಂಟಿರುತ್ತದೆ, ಬೇಸಿಗೆಯದಕ್ಕೆ ಚಿಮುಕಿಸಿದ ನೀರೇ ದೊಡ್ಡ ಅನುಮಾನ. ದೀಪದ ಗಂಟೆ, ಮೀಟರಿನ ಅಂಕಿ, ಇಟ್ಟ ಸಮಯ, ತೋಟದ ಹೆಸರು, ವರದಿ ಇವಿಷ್ಟನ್ನು ಒಂದೇ ಪುಸ್ತಕದಲ್ಲಿ ಬರೆದಿಡಿ. ಪೊಟ್ಟಣದ ಮೇಲೆ ಬ್ಯಾಕ್ಟೀರಿಯಾಮುಕ್ತ ಎಂದು ಅಚ್ಚು ಹಾಕಿಸಬೇಡಿ. ತೊಳೆದು ಯುವಿ-ಸಿ ಬೆಳಕಿನಲ್ಲಿ ಸಂಸ್ಕರಿಸಿದೆ, 5 ಡಿಗ್ರಿಗಿಂತ ತಂಪಿನಲ್ಲಿಡಿ, ಇಂತಹ ದಿನದೊಳಗೆ ಬಳಸಿ ಎಂದಷ್ಟೇ ಹಾಕಿಸಿ.